ನಮ್ಮ ಪ್ರೆಸ್ಸಿನ ಸಾಫ್ಟ್‌ವೇರಿಗೆ ಅಧಿಕ ಮಾಸ ಬಂದದ್ದು

ಓದದೆ ಒಪ್ಪಿಕೊಳ್ಳುವುದರಲ್ಲಿ ಒಂದು ಸುಖವಿದೆ. ಔಷಧಿ ಡಬ್ಬಿಯೊಳಗೆ ಮಡಿಸಿ ತುರುಕಿದ ಕಾಗದ, ಮಿಕ್ಸಿಯ ಜೊತೆ ಬರುವ ಪುಸ್ತಕ, ಬ್ಯಾಂಕಿನವರು ಪೆನ್ಸಿಲಿನಲ್ಲಿ ಗುರುತು ಹಾಕಿ ‘ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ’ ಎಂದು ಸಹಿ ಮಾಡಿಸಿಕೊಳ್ಳುವ ಹಾಳೆಗಳು, ಇವನ್ನೆಲ್ಲ ಪೂರ್ತಿ ಓದಿದವರು ನಮ್ಮ ಸಾಗರ ತಾಲ್ಲೂಕಿನಲ್ಲಿ ಒಬ್ಬರಿದ್ದರೂ ಅವರ ಕಾಲಿಗೆ ಬೀಳಲು ನಾನು ತಯಾರು. ನಾನಂತೂ ಓದಿದವಳಲ್ಲ. ಕಂಪ್ಯೂಟರಿನಲ್ಲಿ ಉದ್ದನೆಯ ಕರಾರುಪತ್ರ ಬಂದು, ಅದರ ಬುಡದಲ್ಲಿ ‘ನಾನು ಇದನ್ನು ಓದಿ ಒಪ್ಪಿದ್ದೇನೆ’ ಎಂಬ ಚೌಕ ಕಂಡರೆ ನನ್ನ ಬೆರಳು ನನ್ನನ್ನು ಕೇಳದೆಯೇ ಅತ್ತ ಹೋಗುತ್ತದೆ. ಆ ವಾಕ್ಯದಲ್ಲಿ ಅರ್ಧ ಸುಳ್ಳು ಎಂದು ಗೊತ್ತಿದ್ದೂ ಒತ್ತುತ್ತೇನೆ. ಒತ್ತಿದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದಷ್ಟು ಹಗುರವಾಗುತ್ತದೆ.

ಈ ಮಾತನ್ನು ನನ್ನ ಪರಿಚಯದವರ ಎದುರು ಹೇಳಿದರೆ ಅವರು ಬಿದ್ದು ಬಿದ್ದು ನಗುತ್ತಾರೆ. ಯಾಕೆಂದರೆ ಓದುವುದೇ ನನ್ನ ಹೊಟ್ಟೆಪಾಡು. ಸಾಗರದ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಪ್ರೂಫ್ ನೋಡುತ್ತಿದ್ದೇನೆ. ಈ ಸೀಮೆಯ ಮುಕ್ಕಾಲು ಪಾಲು ಮದುವೆ, ಉಪನಯನ, ಗೃಹಪ್ರವೇಶದ ಕಾಗದಗಳು ನನ್ನ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಿವೆ. ಈ ಕೆಲಸದ ದೋಷವೆಂದರೆ ಅದು ಅಂಗಡಿ ಬಾಗಿಲು ಹಾಕಿದ ಮೇಲೂ ನಿಲ್ಲುವುದಿಲ್ಲ. ಹೋಟೆಲಿಗೆ ಹೋದರೆ ತಿಂಡಿ ಪಟ್ಟಿ ತಿದ್ದುತ್ತೇನೆ. ಒಮ್ಮೆ ನಾದಿನಿಯ ಮಗನ ಮದುವೆಯಲ್ಲಿ ವೇದಿಕೆಯ ಮೇಲೆ ಹೂವಿನಲ್ಲಿ ಬರೆದಿದ್ದ ಹೆಸರಿಗೆ ಒಂದು ದೀರ್ಘ ಬಿಟ್ಟುಹೋಗಿದೆ ಎಂದು ಧಾರೆಯ ಹೊತ್ತಿಗೆ ಸೇವಂತಿಗೆ ಹಿಡಿದುಕೊಂಡು ಹತ್ತಿದವಳು ನಾನು. ಪುರೋಹಿತರು ಮಂತ್ರ ನಿಲ್ಲಿಸಿ, “ತಾಯಿ, ಆಯ್ತನಾ? ಮುಂದುವರಿಸ್ಲಾ?” ಎಂದು ಕೇಳಿದ್ದರು. ಅಂಥ ನಾನು ನಲವತ್ತೆರಡು ಪುಟದ ಕರಾರನ್ನು ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಒಪ್ಪುತ್ತಿದ್ದೆ ಎಂದರೆ ನಂಬುವವರು ಯಾರು?

ನಮ್ಮ ಪ್ರೆಸ್ಸಿಗೆ ಮೂರು ಅಂಗಡಿ. ಅಚ್ಚಿನ ಯಂತ್ರ ಇರುವುದು ಸಾಗರದಲ್ಲಿ. ಹೊಸನಗರ ಮತ್ತು ತೀರ್ಥಹಳ್ಳಿಯಲ್ಲಿ ಒಂದೊಂದು ಕೋಣೆ, ಒಂದೊಂದು ಕಂಪ್ಯೂಟರ್, ಗೋಡೆ ತುಂಬ ಮಾದರಿ ಕಾರ್ಡುಗಳು. ಮಾಲೀಕರು ವಾಸಣ್ಣ. ಕಾರ್ಡಿನ ವಿನ್ಯಾಸ ಮಾಡುವ ಸಾಫ್ಟ್‌ವೇರ್ ತರಿಸುವಾಗ ಅವರು ಮೂರು ಅಂಗಡಿಗೂ ಸೇರಿ ಒಂದೇ ಲೈಸೆನ್ಸ್ ತಗೊಂಡರು. ಅದರ ನಿಯಮ ಸರಳ: ಯಾವ ಊರಿನಿಂದ ಬೇಕಾದರೂ ತೆರೆಯಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ ಒಳಗಿರಬೇಕು. ಅಂದರೆ ಮದುವೆ ಮನೆಯ ಬಚ್ಚಲು ಇದ್ದ ಹಾಗೆ. ಒಬ್ಬರು ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಉಳಿದವರು ಹೊರಗೆ ಟವೆಲ್ ಹಿಡಿದು ನಿಲ್ಲಬೇಕು. ದಿನ ಬೆಳಗಾದರೆ ಮೂರೂ ಊರುಗಳ ನಡುವೆ ಫೋನೋ ಫೋನು. “ನಾಗರಾಜ, ಹೊರಗೆ ಬಂದ್ಯನಾ?” “ಎರಡೇ ನಿಮಿಷ ಅಕ್ಕ, ಗಣಪತಿ ಸೊಂಡ್ಲು ಸರಿ ಮಾಡ್ತಿದ್ದೆ.” ತೀರ್ಥಹಳ್ಳಿಯ ನಾಗರಾಜನ ಗಣಪತಿಗೆ ಸೊಂಡಿಲು ಸರಿಯಾಗುವಷ್ಟರಲ್ಲಿ ಹೊಸನಗರದ ಸುಮನಾ ಎರಡು ಸಲ ಚಾ ಕುಡಿದಿರುತ್ತಿದ್ದಳು.

ಈ ಲೈಸೆನ್ಸನ್ನು ವರ್ಷಕ್ಕೊಮ್ಮೆ ನವೀಕರಿಸುವ ಜವಾಬ್ದಾರಿಯನ್ನು ವಾಸಣ್ಣ ನನಗೆ ಕೊಟ್ಟಿದ್ದರು. ಕಾರಣ, ಆರ್ಡರ್ ಪುಸ್ತಕ ನನ್ನ ಕೈಯಲ್ಲಿತ್ತು. ನಮ್ಮ ಆರ್ಡರ್ ಪುಸ್ತಕದ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಕಾರ್ಡು ಮಾಡಿಸಲು ಬರುವವರು ಯಾರೂ ತಾರೀಕು ಹೇಳುವುದಿಲ್ಲ. “ಶುದ್ಧ ದಶಮಿಗೆ ಮದುವೆ, ತದಿಗೆಯೊಳಗೆ ಕಾಗ್ದ ಕೊಡಿ” ಎನ್ನುತ್ತಾರೆ. ನಾನೂ ಹಾಗೇ ಬರೆದುಕೊಳ್ಳುತ್ತೇನೆ. ಇಪ್ಪತ್ತಾರು ವರ್ಷ ಹಾಗೇ ಬರೆದು ಬರೆದು ನನ್ನ ತಲೆಯೊಳಗೆ ಓಡುವುದೂ ಪಂಚಾಂಗವೇ. ಹೀಗಾಗಿ ಸಾಫ್ಟ್‌ವೇರ್ ಬಂದ ದಿನವನ್ನೂ ‘ಜ್ಯೇಷ್ಠ ಶುದ್ಧ ಪಂಚಮಿ, ಸಾಫ್ಟ್‌ವೇರ್ ನವೀಕರಣ’ ಎಂದು ಬರೆದುಕೊಂಡೆ. ನಮ್ಮ ಮನೆಯವರು ಅದನ್ನು ನೋಡಿ, “ಬದುಕಿರೋ ಸಾಫ್ಟ್‌ವೇರಿಗೆ ವರ್ಷ ವರ್ಷ ತಿಥಿ ಮಾಡೋ ಪ್ರೆಸ್ಸು ನಿಮ್ಮದೊಂದೇ ಇರ್ಬೇಕು” ಎಂದಿದ್ದರು. ಅವರ ಮಾತನ್ನು ನಾನು ಯಾವತ್ತು ಕಿವಿಗೆ ಹಾಕಿಕೊಂಡಿದ್ದೇನೆ!

ಮಜವೆಂದರೆ ಈ ಪದ್ಧತಿ ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಚಂದ್ರನ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಗಿಡ್ಡ. ಆದ್ದರಿಂದ ನಾನು ಪ್ರತಿ ಸಲವೂ ಹನ್ನೊಂದು ದಿನ ಮೊದಲೇ ನವೀಕರಣ ಮಾಡಿಬಿಡುತ್ತಿದ್ದೆ. ಕಂಪನಿಯವರು ಖುಷಿಯಾಗಿ, ‘ನಿಮ್ಮಂಥ ಸಮಯಪಾಲಕ ಗ್ರಾಹಕರು ನಮ್ಮ ಹೆಮ್ಮೆ’ ಎಂದು ಒಂದು ಪ್ರಶಸ್ತಿಪತ್ರ ಕಳಿಸಿದರು. ನಾನು ಅದರಲ್ಲಿದ್ದ ಎರಡು ತಪ್ಪು ತಿದ್ದಿ ಗೋಡೆಗೆ ಹಾಕಿಸಿದೆ. ಆದರೆ ಆ ಕರಾರಿನ ಯಾವುದೋ ಪುಟದಲ್ಲಿ, ವರ್ಷವನ್ನು ನವೀಕರಣ ಮಾಡಿದ ದಿನದಿಂದಲೇ ಎಣಿಸುತ್ತೇವೆ, ಮೊದಲೇ ಮಾಡಿದ ದಿನಗಳು ನಿಮಗೆ ನಷ್ಟ ಎಂದು ಬರೆದಿತ್ತಂತೆ. ಓದಿದವರಿಗೆ ತಾನೆ ಅದೆಲ್ಲ ತಿಳಿಯುವುದು.

ಹೀಗಿರುವಾಗ ಅಧಿಕ ಮಾಸ ಬಂತು. ಚಂದ್ರ ಮಾಡಿದ ಹನ್ನೊಂದು ಹನ್ನೊಂದು ದಿನದ ಕೊರತೆಯನ್ನು ಪಂಚಾಂಗದವರು ಮೂರು ವರ್ಷಕ್ಕೊಮ್ಮೆ ಒಂದಿಡೀ ತಿಂಗಳು ಸೇರಿಸಿ ಸರಿಮಾಡುತ್ತಾರಲ್ಲ, ಅದು. ಆ ಸಲ ಬಂದದ್ದು ಅಧಿಕ ಜ್ಯೇಷ್ಠ. ಅಂದರೆ ಎರಡೆರಡು ಜ್ಯೇಷ್ಠ: ಮೊದಲು ಅಧಿಕ, ಆಮೇಲೆ ನಿಜ. ಅಧಿಕದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಆದ್ದರಿಂದ ನಮಗೆ ಕೆಲಸವೂ ಇಲ್ಲ. ವಿನ್ಯಾಸದ ಕಂಪ್ಯೂಟರುಗಳಿಗೆ ಬಟ್ಟೆ ಹೊದೆಸಿ, ಯಂತ್ರಕ್ಕೆ ಎಣ್ಣೆ ಬಿಟ್ಟು, ನಾನು ಪ್ರೆಸ್ಸಿನ ಹಳೆಯ ಕಾಗದಗಳ ನಡುವೆ ಕೂತು ಹಲಸಿನ ಚಿಪ್ಸ್ ತಿನ್ನುತ್ತ ತಿಂಗಳು ಕಳೆದೆ. ನವೀಕರಣದ ನೆನಪು ಇರಲಿಲ್ಲವೆಂದಲ್ಲ. ಇತ್ತು. ಆದರೆ ಅಧಿಕ ಮಾಸದಲ್ಲಿ ಯಾರಾದರೂ ಕರಾರು ನವೀಕರಿಸುತ್ತಾರೆಯೇ? ನಿಜ ಜ್ಯೇಷ್ಠದ ಪಂಚಮಿ ಬರಲಿ ಎಂದು ಕಾದೆ. ಶುಭಕಾರ್ಯವನ್ನು ಸರಿಯಾದ ತಿಂಗಳಿಗೆ ಇಟ್ಟುಕೊಂಡಿದ್ದೇನೆ ಎಂಬ ಸಮಾಧಾನ ಬೇರೆ.

ಈಗ ಸುಮನಾಳ ವಿಷಯ. ಹೊಸನಗರದ ಅಂಗಡಿಯಲ್ಲಿ ಎಂಟು ವರ್ಷದಿಂದ ಅವಳು ಬೇರೆಯವರ ಮದುವೆಯ ಕಾರ್ಡು ಮಾಡಿದ್ದಾಳೆ. ನವಿಲು ಬೇಕು ಎಂದವರಿಗೆ ನವಿಲು, ಶಂಖ ಬೇಕು ಎಂದವರಿಗೆ ಶಂಖ, ‘ನಮ್ಮ ಮಗನ ಫೋಟೋ ಸ್ವಲ್ಪ ಬೆಳ್ಳಗೆ ಮಾಡಿ’ ಎಂದವರಿಗೆ ಬೆಳ್ಳಗಿನ ಮಗ. ಆ ವರ್ಷ ಅವಳದೇ ಮದುವೆ ಗೊತ್ತಾಗಿತ್ತು. ನಿಜ ಜ್ಯೇಷ್ಠ ಬಹುಳದಲ್ಲಿ ಲಗ್ನ. ತನ್ನ ಕಾರ್ಡಿಗೆ ಅವಳು ನವಿಲು ಹಾಕಲಿಲ್ಲ. ಅವಳ ಅಜ್ಜಿ ಹಸೆ ಚಿತ್ತಾರ ಬರೆಯುವವರು. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಗೆ ಅಕ್ಕಿ ಹಿಟ್ಟಿನಲ್ಲಿ ಎಳೆ ಎಳೆಯಾಗಿ ಬರೆಯುತ್ತಾರಲ್ಲ, ಅದು. ಈಗ ಅಜ್ಜಿಗೆ ಕೈ ನಡುಗುತ್ತದೆ, ಬರೆಯಲಾಗುವುದಿಲ್ಲ. ಹಿಂದೊಮ್ಮೆ ಬರೆದಿದ್ದ ಗೋಡೆಯ ಫೋಟೋ ಇಟ್ಟುಕೊಂಡು ಸುಮನಾ ಅದರ ಒಂದೊಂದು ಗೆರೆಯನ್ನೂ ಸಾಫ್ಟ್‌ವೇರಿನಲ್ಲಿ ತನ್ನ ಕೈಯಿಂದ ಎಳೆದು ಕಾರ್ಡಿನ ಅಂಚು ಮಾಡಿದ್ದಳು. ನಾಗರಾಜ ಗಣಪತಿಯ ಸೊಂಡಿಲು ಬಿಟ್ಟು ಹೊರಗೆ ಬಂದಾಗ ಸಿಕ್ಕ ಹತ್ತು ಹತ್ತು ನಿಮಿಷಗಳಲ್ಲಿ, ನಾಲ್ಕು ತಿಂಗಳು. ಅಧಿಕದಲ್ಲಿ ಮದುವೆಯ ಕಾಗದ ಅಚ್ಚು ಹಾಕುವಂತಿಲ್ಲ ಎಂದು ಮನೆಯವರು ಹೇಳಿದ್ದರಿಂದ ಕಾದಿದ್ದಳು. ನಿಜ ಜ್ಯೇಷ್ಠದ ಪಂಚಮಿಯ ಬೆಳಿಗ್ಗೆ ಮೊದಲ ಕಾರ್ಡನ್ನು ದೇವರ ಮುಂದಿಟ್ಟು, ಅಲ್ಲಿಂದಲೇ ಅವಳ ತಾಯಿ ಮತ್ತು ಮಾವ ಮದುವೆ ಕರೆಯಲು ಹೊರಡುವುದೆಂದು ನಿಶ್ಚಯವಾಗಿತ್ತು.

ತದಿಗೆಯ ದಿನ ಬೆಳಿಗ್ಗೆ ಹೊಸನಗರದಿಂದ ಸುಮನಾಳ ಫೋನು. “ಅಕ್ಕ, ಒಳಗೆ ಯಾರಾದ್ರೂ ಇದ್ದೀರಾ? ನಂಗೆ ಬಾಗ್ಲೇ ತೆಗೀತಾ ಇಲ್ಲ.” ನಾಗರಾಜನನ್ನು ಕೇಳಿದರೆ ಅವನೂ ಹೊರಗೆ. ನಾನು ಸಾಗರದಲ್ಲಿ ಕಂಪ್ಯೂಟರಿನ ಬಟ್ಟೆ ತೆಗೆದು ತೆರೆದೆ. ಪರದೆಯ ತುಂಬ ಬೂದು ಬಣ್ಣ, ನಡುವೆ ಒಂದು ಬೀಗದ ಚಿತ್ರ. ನಿಮ್ಮ ಲೈಸೆನ್ಸ್ ಮುಗಿದು ಹದಿನೇಳು ದಿನವಾಯಿತು, ಹದಿನೈದು ದಿನದ ರಿಯಾಯಿತಿಯೂ ಮುಗಿದಿದೆ, ಕರಾರು ರದ್ದಾಗಿದೆ, ನಿಮ್ಮ ಕಡತಗಳನ್ನು ನಾವು ಜೋಪಾನವಾಗಿ ಇಟ್ಟಿದ್ದೇವೆ, ಹೊಸದಾಗಿ ಅರ್ಜಿ ಹಾಕಿ, ಪರಿಶೀಲನೆಗೆ ಏಳು ಕೆಲಸದ ದಿನ. ಕೆಲಸದ ದಿನ ಏಳು! ನನಗಿದ್ದದ್ದು ಎರಡೇ ದಿನ, ಅದರಲ್ಲಿ ಒಂದು ಆಗಲೇ ಶುರುವಾಗಿತ್ತು. ಹನ್ನೊಂದು ದಿನ ಮೊದಲೇ ಬರುತ್ತಿದ್ದ ನನ್ನ ಪಂಚಮಿ ಈ ಸಲ ಅಧಿಕ ಮಾಸದ ಬೆನ್ನೇರಿ ಹತ್ತೊಂಬತ್ತು ದಿನ ತಡವಾಗಿ ಬರುತ್ತಿತ್ತು. ಈ ಲೆಕ್ಕ ನನ್ನ ತಲೆಗೆ ಹೊಳೆದದ್ದು ಆಗ.

ವಾಸಣ್ಣನಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಬದಲಿಗೆ ಅವರ ಮುಖದಲ್ಲಿ ಒಂದು ಕಳ್ಳಕಳೆ ಬಂತು. “ಶಾಂತಕ್ಕ, ಆ ಕಂಪನಿಯವ್ರು ಮೇಲ್ ಎಂತಾದ್ರೂ ಕಳ್ಸಿದ್ರಾ ಹಂಗಾರೆ?”

“ನಿಮ್ಮ ಮೇಲಿಗೇ ಬರೋದಲ್ವಾ ವಾಸಣ್ಣ.”

“ಬಂದಿತ್ತು ಮಾರಾಯ್ತಿ. ‘ನಿಮ್ಮ ಅವಧಿ ಮುಗೀತಾ ಇದೆ, ಕೂಡ್ಲೇ ಇಲ್ಲಿ ಒತ್ತಿ’ ಅಂತ. ಒಂದಲ್ಲ, ಒಂಬತ್ತು. ಹಂಗೆಲ್ಲ ಬರೋದು ಮೋಸದವ್ರು, ಒತ್ತಿದ್ರೆ ಬ್ಯಾಂಕು ಖಾಲಿ ಅಂತ ಟೀವಿಲಿ ದಿನಾ ಹೇಳ್ತಾರಲ್ಲ. ಒಂದೊಂದಾಗಿ ಅಳಿಸ್ದೆ. ಮನೇಲೂ ಹೇಳ್ದೆ, ಇವತ್ತೊಬ್ಬ ಕಳ್ಳನ್ನ ಓಡಿಸ್ದೆ ಅಂತ.”

ಒಂಬತ್ತು ಸಲ ಮನೆ ಬಾಗಿಲಿಗೆ ಬಂದು ಎಚ್ಚರಿಸಿದವರನ್ನು ಒಂಬತ್ತು ಸಲವೂ ಕಳ್ಳರೆಂದು ಓಡಿಸಿ, ಹೆಂಡತಿಯಿಂದ ಶಹಬ್ಬಾಸ್ ಪಡೆದ ಗಂಡಸಿನ ಎದುರು ಪಂಚಾಂಗ ನಂಬಿದ ಹೆಂಗಸು ನಿಂತಿದ್ದಳು. ಯಾರು ಯಾರನ್ನು ಬೈಯುವುದು? ಉಳಿದ ಕಾರ್ಡುಗಳನ್ನು ಬೇರೆ ಪ್ರೆಸ್ಸಿನವರ ಕೈಯಲ್ಲಿ ಮಾಡಿಸಬಹುದಿತ್ತು. ಸುಮನಾಳ ಅಂಚು ಮಾತ್ರ ಆ ಬೀಗದೊಳಗಿತ್ತು. ಅವಳಿಗೆ ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ಅವಳು, “ಇರ್ಲಿ ಬಿಡಿ ಅಕ್ಕ, ನವಿಲಿಂದೇ ಹಾಕ್ತೀನಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ‘ಇರ್ಲಿ ಬಿಡಿ’ಯನ್ನು ತಡೆದುಕೊಳ್ಳಲಾಗಲಿಲ್ಲ. ನವಿಲು ಹಾಕಲು ಬಿಟ್ಟರೆ ನನ್ನ ಹೆಸರು ಶಾಂತಾ ಅಲ್ಲ ಎಂದುಕೊಂಡು ಕಂಪನಿಯ ಗ್ರಾಹಕ ಸೇವೆಗೆ ಫೋನು ಹಚ್ಚಿದೆ.

ಕನ್ನಡಕ್ಕೆ ಎರಡು ಒತ್ತಿ, ತೊಂದರೆಗೆ ನಾಲ್ಕು ಒತ್ತಿ, ಇಪ್ಪತ್ತು ನಿಮಿಷ ಕೊಳಲು ಕೇಳಿದ ಮೇಲೆ ಚೈತ್ರಾ ಎಂಬ ಹುಡುಗಿ ಸಿಕ್ಕಿದಳು. ಮಾತು ಬಹಳ ನಯ. “ಮೇಡಂ, ತಡ ಆಗಿದ್ದಕ್ಕೆ ಕಾರಣ ಹೇಳಿ. ನನ್ ಹತ್ರ ಪಟ್ಟಿ ಇದೆ. ಗ್ರಾಹಕರು ಊರಲ್ಲಿ ಇರಲಿಲ್ಲ, ಗ್ರಾಹಕರು ಮರೆತರು, ಗ್ರಾಹಕರು ತೀರಿಕೊಂಡರು. ಯಾವ್ದು ಹಾಕ್ಲಿ?”

“ಮೂರೂ ಅಲ್ಲ ಕಣಮ್ಮ. ಅಧಿಕ ಮಾಸ.”

“ಅಯ್ಯೋ ಮೇಡಂ, ಅಧಿಕ ಮಾಸ ನಮ್ ಪಟ್ಟೀಲಿ ಇಲ್ಲ.”

ಆಮೇಲೆ ಅವಳ ದನಿ ಸ್ವಲ್ಪ ತಗ್ಗಿತು. ಅಕ್ಕಪಕ್ಕದವರಿಗೆ ಕೇಳಬಾರದೆಂದಿರಬೇಕು. “ನಿಜ ಹೇಳ್ಬೇಕಂದ್ರೆ ಮೇಡಂ, ನಮ್ಮಮ್ಮ ನಂಗೂ ಹೋದ ತಿಂಗ್ಳು ಸ್ಕೂಟಿ ತಗೋಳಕ್ಕೆ ಬಿಡ್ಲಿಲ್ಲ, ಅಧಿಕ ಅಂತ. ದಿನಾ ಬಸ್ಸಲ್ಲಿ ನೇತಾಡ್ಕೊಂಡ್ ಬರ್ತಿದ್ದೆ.” ಇಷ್ಟಾದ ಮೇಲೆ ನಾವಿಬ್ಬರೂ ಒಂದೇ ಪಕ್ಷ. ಸುಮನಾಳ ಅಜ್ಜಿ, ಗೋಡೆ, ನಾಲ್ಕು ತಿಂಗಳು, ಪಂಚಮಿ, ಎಲ್ಲ ಹೇಳಿದೆ. ಅವಳು, “ಮೇಲಿನವ್ರಿಗೆ ವಿಶೇಷ ಮನವಿ ಅಂತ ಕಳಿಸ್ಬಹುದು ಮೇಡಂ. ಇಂಗ್ಲಿಷಲ್ಲಿ ಬರೀರಿ. ಐನೂರು ಅಕ್ಷರ ದಾಟ್ಬಾರ್ದು” ಎಂದಳು.

ಐನೂರು ಅಕ್ಷರದಲ್ಲಿ ಅಧಿಕ ಮಾಸ! ಬೃಹಸ್ಪತಿಗೂ ಬೆವರು ಬರುವ ಕೆಲಸ. ‘ಸ್ವಾಮಿ, ನಮ್ಮ ಕಡೆ ಚಂದ್ರ ಸ್ವಲ್ಪ ಅವಸರದವನು’ ಎಂದು ಆರಂಭಿಸಿದೆ. ಸೂರ್ಯ ಬರುವಷ್ಟರಲ್ಲಿ ಮುನ್ನೂರು ಅಕ್ಷರ ಮುಗಿಯಿತು. ಅಳಿಸಿದೆ. ಸೂರ್ಯನಿಂದ ಆರಂಭಿಸಿದೆ. ಚಂದ್ರನಿಗೆ ಜಾಗ ಸಾಲಲಿಲ್ಲ. ವಾಸಣ್ಣ ಹಿಂದೆ ನಿಂತು, “ಸಂಕ್ರಾಂತಿ ಇಲ್ದಿರೋ ತಿಂಗ್ಳು ಅಂತ ಹಾಕು” ಎಂದರು. ಹಾಕಿದರೆ ಸಂಕ್ರಾಂತಿ ಎಂದರೇನು ಎಂದು ವಿವರಿಸಬೇಕು. ಎಳ್ಳು ಬೆಲ್ಲ ಬರೆಯುತ್ತ ಕೂರಲೇ? ಇಪ್ಪತ್ತಾರು ವರ್ಷ ಬೇರೆಯವರ ಬರಹ ತಿದ್ದಿದವಳಿಗೆ ಸ್ವಂತಕ್ಕೆ ಐದು ಸಾಲು ಬರೆಯುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಕೊನೆಗೆ ಕಳಿಸಿದ್ದು ಇಷ್ಟು: ನಮ್ಮ ವರ್ಷಕ್ಕೆ ಈ ಸಲ ಹದಿಮೂರು ತಿಂಗಳು, ಹೆಚ್ಚಿನ ತಿಂಗಳಲ್ಲಿ ನಾವು ಯಾವ ಒಳ್ಳೆಯ ಕೆಲಸವನ್ನೂ ಮಾಡುವುದಿಲ್ಲ, ನಿಮ್ಮ ಕರಾರು ಒಳ್ಳೆಯ ಕೆಲಸವೆಂದು ಭಾವಿಸಿದ್ದರಿಂದ ಮಾಡಲಿಲ್ಲ.

ಸಂಜೆಗೆ ಉತ್ತರ ಬಂತು. ಮೇಲಿನವರು ಯಾವ ದೇಶದಲ್ಲಿ ಕೂತಿದ್ದರೋ ಕಾಣೆ, ಪ್ರಶ್ನೆಗಳು ಮಾತ್ರ ಬಲು ಶ್ರದ್ಧೆಯಿಂದ ಕೂಡಿದ್ದವು. ಈ ಹೆಚ್ಚಿನ ತಿಂಗಳನ್ನು ಘೋಷಿಸುವ ಅಧಿಕಾರಿ ಯಾರು? ಅದರ ಸುತ್ತೋಲೆಯ ಪ್ರತಿ ಇದೆಯೇ? ಮುಂದೆ ಮತ್ತೆ ಬರುವ ಸಾಧ್ಯತೆ ಇದೆಯೇ? ಇದ್ದರೆ ನಿಮ್ಮ ಸಂಸ್ಥೆ ಅದನ್ನು ತಡೆಗಟ್ಟಲು ಯಾವ ಕ್ರಮ ಕೈಗೊಂಡಿದೆ? ವಾಸಣ್ಣ ಓದಿ, “ತಡೆಗಟ್ಟೋದಾ? ಚಂದ್ರಂಗೆ ನೋಟಿಸ್ ಕೊಡದಾ?” ಎಂದು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ನಗುತ್ತ ನಗುತ್ತಲೇ ಅಳು ಬಂತು. ಗೋಡೆಯ ಪಂಚಾಂಗದ ಆ ತಿಂಗಳ ಹಾಳೆಯನ್ನು ಸ್ಕ್ಯಾನ್ ಮಾಡಿ ಸುತ್ತೋಲೆ ಎಂದು ಕಳಿಸಿ, ಮತ್ತೆ ಚೈತ್ರಾಳಿಗೆ ಫೋನು ಮಾಡಿದೆ.

ಅವಳು ಈ ನಡುವೆ ನಾನು ಎಂದೂ ಮಾಡದ ಕೆಲಸ ಮಾಡಿದ್ದಳು. ಕರಾರನ್ನು ಓದಿದ್ದಳು. “ಮೇಡಂ, ಮೂವತ್ತೊಂದನೇ ಪುಟದಲ್ಲಿ ಒಂದು ಷರತ್ತಿದೆ. ಭೂಕಂಪ, ಪ್ರವಾಹ, ಯುದ್ಧ, ಮತ್ತೆ ದೈವಾಧೀನ ಘಟನೆಗಳಿಂದ ತಡ ಆದ್ರೆ ರಿಯಾಯಿತಿ ಕೊಡ್ಬಹುದು ಅಂತ. ನಿಮ್ಮದು ದೈವಾಧೀನ ಅಂತ ತೋರಿಸಕ್ಕೆ ಆಗತ್ತಾ?”

“ಚೈತ್ರಾ,” ಎಂದೆ ನಾನು, ಕುರ್ಚಿಯಿಂದ ಎದ್ದು ನಿಂತು. “ಅಧಿಕ ಮಾಸಕ್ಕೆ ಇನ್ನೊಂದು ಹೆಸ್ರು ಗೊತ್ತಾ? ಪುರುಷೋತ್ತಮ ಮಾಸ! ಯಾವ ದೇವ್ರಿಗೂ ಬೇಡವಾಗಿದ್ದ ತಿಂಗ್ಳನ್ನ ಸಾಕ್ಷಾತ್ ವಿಷ್ಣು ನಂದಿರ್ಲಿ ಅಂತ ಇಟ್ಕೊಂಡಿದ್ದು. ದೇವ್ರದ್ದೇ ತಿಂಗ್ಳು ಕಣೇ! ಇದಕ್ಕಿಂತ ದೈವಾಧೀನ ಬೇಕಾ?”

“ಸೂಪರ್ ಮೇಡಂ! ಹಾಕ್ತೀನಿ!” ಎಂದು ಅವಳು ಕೂಗಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಚೌತಿಯ ಬೆಳಿಗ್ಗೆ ಮೇಲ್ ಬಂತು. ವಿಶೇಷ ಪ್ರಕರಣವೆಂದು ಪರಿಗಣಿಸಿ ನಲವತ್ತೆಂಟು ಗಂಟೆ ಬಾಗಿಲು ತೆರೆಯುತ್ತೇವೆ, ಅಷ್ಟರೊಳಗೆ ಹೊಸ ಕರಾರಿನ ಅರ್ಜಿ ಹಾಕಿ, ಕೆಳಗಿನ ಷರತ್ತುಗಳನ್ನು ಓದಿ ಒಪ್ಪಿಗೆ ಸೂಚಿಸಿ. ಕೆಳಗೆ ಮೂರು ಪುಟ ಷರತ್ತು. ನನ್ನ ಬೆರಳು ಚೌಕ ಒತ್ತಿ ಆಗಿತ್ತು. ವಾಸಣ್ಣ ಯಂತ್ರ ಸಿದ್ಧ ಮಾಡಲು ಓಡಿದರು, ಸುಮನಾ ಹೊಸನಗರದಿಂದ ಮೊದಲ ಬಸ್ಸಿಗೆ ಬಂದಿಳಿದಳು, ನಾನು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, “ತೆಗಿ ಪುಟ್ಟಿ” ಎಂದೆ. ತೆಗೆದಳು. ಪರದೆಯ ಮೇಲೆ ಬಂದದ್ದು: ‘ಒಳಗೆ ಒಬ್ಬರಿದ್ದಾರೆ. ಬಳಕೆದಾರರು: ತೀರ್ಥಹಳ್ಳಿ.’

ನಾಗರಾಜ! ಬಾಗಿಲು ತೆರೆದದ್ದು ಕಂಡ ಸಂತೋಷಕ್ಕೆ ಅವನು ಎಲ್ಲರಿಗಿಂತ ಮೊದಲು ಒಳಹೊಕ್ಕು, ಹೊಕ್ಕವನು ಹಾಗೇ ಬಿಟ್ಟು, ಆಗುಂಬೆಯ ಹತ್ತಿರ ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗಿದ್ದ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇದ್ದರೂ ಪಾಯಸದ ಹೊತ್ತಿನಲ್ಲಿ ಅವನು ಎತ್ತುವವನಲ್ಲ. ಅಂಗಡಿಯ ಕೀಲಿ ಪಕ್ಕದ ಬಳೆ ಅಂಗಡಿಯ ಲಲಿತಮ್ಮನ ಹತ್ತಿರ ಇರುತ್ತದೆ. ಅವರಿಗೆ ಫೋನು ಮಾಡಿ, ಕಂಪ್ಯೂಟರಿನ ಹತ್ತಿರ ಹೋಗಿ ಎಂದೆ.

“ಎಂತದು ಮಾರಾಯ್ರೆ, ನಂಗೆ ಬಳೆ ಬಿಟ್ರೆ ಬೇರೆ ಎಂತ ಗೊತ್ತಿಲ್ಲ. ಇಲ್ಲಿ ಎರಡು ಡಜನ್ ಹಸಿರು ಗಾಜಿಂದು ಕೇಳ್ತಾ ನಿಂತಿದ್ದಾರೆ” ಎನ್ನುತ್ತಲೇ ಹೋದರು. “ಹಾಂ, ಬಂದೆ. ಎಂತ ಮಾಡದು? ಬಲಗಡೆ ಮೇಲೆ ಗೊಂಬೆನಾ? ಹೌದು, ಒಂದು ಮಂಡೆ ಮಾತ್ರ ಇರೋ ಗೊಂಬೆ ಇದೆ. ಅದ್ರ ಮೇಲೆ ಒತ್ತದಾ? ಬೆರಳಲ್ಲಿ ಒತ್ತಿದೆ, ಎಂತ ಆಗ್ಲಿಲ್ಲ.”

“ಬೆರಳಲ್ಲಿ ಅಲ್ಲ ಲಲಿತಮ್ಮ, ಮೌಸಲ್ಲಿ!”

“ಅದನ್ನ ನಾಗರಾಜ ಎಲ್ಲಿ ಇಟ್ಟಿದಾನೋ ಕಾಣಲ್ಲ. ಇರಿ, ಕಾರ್ಡಿನ ಕಟ್ಟಿನ ಅಡಿಗೆ ಇದೆ. ಸಿಕ್ತು. ಬಾಣ ಓಡಾಡ್ತಾ ಇದೆ. ಮಂಡೆ ಹತ್ರ ಹೋಯ್ತು. ಅಯ್ಯೋ ದಾಟಿ ಹೋಯ್ತು. ಮತ್ತೆ ಬಂತು. ಶಾಂತಕ್ಕ, ಇದು ‘ಹೊರಗೆ ಹೋಗ್ತೀರಾ?’ ಅಂತ ಕೇಳ್ತಾ ಇದೆ. ನಾನು ಹೋಗ್ಬೇಕಾ?”

“ನೀವಲ್ಲ! ಅವ್ನು! ಹೌದು ಅಂತ ಒತ್ತಿ!”

ಒತ್ತಿದರು. ಸಾಗರದಲ್ಲಿ ಪರದೆ ತೆರೆಯಿತು. ಸುಮನಾ ಬಾಯಿಗೆ ಕೈ ಅಡ್ಡ ಹಿಡಿದಳು. ಬೀಗದೊಳಗಿದ್ದ ಅಜ್ಜಿಯ ಗೋಡೆ ಒಂದೆಳೆಯೂ ಮಾಸದೆ ಅಲ್ಲಿತ್ತು. ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಗೆರೆಗಳು, ಸುತ್ತಲೂ ಹೆಣಿಗೆ, ಮೂಲೆಯಲ್ಲಿ ಪಲ್ಲಕ್ಕಿ. ನಾನು, ವಾಸಣ್ಣ, ಅವಳು, ಮೂವರೂ ಯಾಕೆ ಎಂದು ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದೆವು. ತೀರ್ಥಹಳ್ಳಿಯ ಕಡೆಯಿಂದ ಫೋನಿನಲ್ಲಿ ಲಲಿತಮ್ಮನೂ ತಟ್ಟಿದರು, ಬಳೆಗಳ ಸದ್ದು ಕೇಳಿಸಿತು.

ಮಧ್ಯಾಹ್ನ ಪ್ರೂಫ್ ನನ್ನ ಕೈಗೆ ಬಂತು. ಕೆಂಪು ಪೆನ್ನು ತೆಗೆದು ಓದಿದೆ. ಮುಹೂರ್ತ ಸರಿ, ಗೋತ್ರ ಸರಿ, ಊರು ಸರಿ. ‘ಸುಖಾಗಮನ ಬಯಸುವವರು’ ಎಂಬಲ್ಲಿ ಅವಳ ತಾಯಿಯ ಹೆಸರು, ಅಜ್ಜಿಯ ಹೆಸರು, ಮಾವನ ಹೆಸರು, ಅದರ ಕೆಳಗೆ ನನ್ನ ಹೆಸರು. ತಿರುಗಿ ನೋಡಿದೆ. ಸುಮನಾ ಯಂತ್ರದ ಕಡೆ ಮುಖ ಮಾಡಿಕೊಂಡು, “ಎಂಟು ವರ್ಷ ಅಕ್ಷರ ಕಲಿಸಿದ್ದು ನೀವಲ್ವಾ ಅಕ್ಕ. ಬೇಡ ಅನ್ಬೇಡಿ” ಎಂದಳು. ಅವಳ ಮದುವೆಯನ್ನು ನವಿಲಿನ ಪಾಲು ಮಾಡಲು ಹೊರಟಿದ್ದವಳ ಹೆಸರನ್ನು ಅವಳು ನಾಲ್ಕು ತಿಂಗಳ ಹಿಂದೆಯೇ ಅಲ್ಲಿ ಬರೆದಿಟ್ಟಿದ್ದಳು. ನನಗೆ ಕಣ್ಣು ಮಂಜಾಯಿತು. ಕಾರ್ಡಿನ ತೀರಾ ಬುಡದಲ್ಲಿ ಇಂಗ್ಲಿಷಿನ ಸಣ್ಣಕ್ಷರದ ಒಂದು ಸಾಲಿತ್ತು. ಅಲ್ಲಿ ಯಾವಾಗಲೂ ಪ್ರೆಸ್ಸಿನ ಹೆಸರು, ಫೋನ್ ನಂಬರು ಇರುತ್ತದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅದನ್ನು ಓದಿದ್ದೇ ಇಲ್ಲ. ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದೆ. ಸಂಜೆಯೊಳಗೆ ಐನೂರು ಕಾರ್ಡು ಅಚ್ಚಾದವು, ಪಂಚಮಿಯ ಬೆಳಿಗ್ಗೆ ಮೊದಲನೆಯದು ದೇವರ ಮುಂದೆ ಹೋಯಿತು, ಉಳಿದವು ಹೊಸನಗರದಿಂದ ಮಂಡಗದ್ದೆಯವರೆಗೆ ಮನೆ ಮನೆಗೆ ಹೊರಟವು.

ನಾಲ್ಕನೆಯ ದಿನ ಸುಮನಾಳ ಫೋನು. ಮಾತಿಲ್ಲ, ಬರೀ ಬಿಕ್ಕುವ ಸದ್ದು. “ಎಂತಾತೇ? ಯಾರಿಗೆ ಎಂತಾತು?” ಎಂದು ಕಿರುಚಿದೆ. ತುಸು ಹೊತ್ತಿಗೆ ತಿಳಿಯಿತು, ಅವಳು ಅಳುತ್ತಿರಲಿಲ್ಲ, ಉಸಿರು ಸಿಕ್ಕದೆ ನಗುತ್ತಿದ್ದಳು. “ಅಕ್ಕ, ಕಾರ್ಡಿನ ಕೊನೇ ಸಾಲು ಓದಿ.” ಮದುವೆ ಗಂಡು ಪ್ರವೀಣ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಕಾಗದ ಸಿಕ್ಕರೆ ಬುಡದವರೆಗೆ ಓದುವ ಜಾತಿ. ಅವನು ಫೋನು ಮಾಡಿ, ನಿಮ್ಮ ಮನೆಯವರು ಬಹಳ ಪ್ರಾಮಾಣಿಕರು ಎಂದು ಹೊಗಳಿದನಂತೆ. ನಾನು ಕನ್ನಡಕ ಹಾಕಿಕೊಂಡು ಓದಿದೆ. ಪ್ರೆಸ್ಸಿನ ಹೆಸರಿನ ಜಾಗದಲ್ಲಿ, ನನ್ನ ಹೆಸರಿನ ಸರಿಯಾಗಿ ಕೆಳಗೆ, ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೀಗಿತ್ತು: ‘ಇದು ಪ್ರಾಯೋಗಿಕ ಪ್ರತಿ. ನಲವತ್ತೆಂಟು ಗಂಟೆಗಳಿಗೆ ಮಾತ್ರ ಮಾನ್ಯ.’ ರಿಯಾಯಿತಿಯ ಅವಧಿಯಲ್ಲಿ ಮಾಡಿದ ಪ್ರತಿಯೊಂದು ಕೆಲಸದ ಮೇಲೂ ಈ ಸಾಲು ತಾನಾಗಿ ಬೀಳುತ್ತದೆ ಎಂದು ಆ ಮೂರು ಪುಟದ ಷರತ್ತಿನಲ್ಲಿತ್ತು. ನಾನು ಅದನ್ನು ಓದಿ ಒಪ್ಪಿದ್ದೆ!

ವಾಸಣ್ಣ ತಲೆ ಮೇಲೆ ಕೈ ಹೊತ್ತು, ಎಲ್ಲ ವಾಪಸ್ ತರಿಸಿ ಮತ್ತೆ ಅಚ್ಚು ಹಾಕೋಣ ಎಂದರು. ಆದರೆ ಆಗಲೇ ಮುನ್ನೂರು ಮನೆಗೆ ಹೋಗಿಯಾಗಿತ್ತು, ದೇವರಿಗೂ ಮುಟ್ಟಿತ್ತು. ಅವನ ಹತ್ತಿರ ವಾಪಸ್ ಕೇಳುವವರು ಯಾರು? ನಾನು ಮುಖ ಸಣ್ಣದು ಮಾಡಿಕೊಂಡು ಸುಮನಾಳ ಮನೆಗೆ ಹೋದೆ. ಅಜ್ಜಿ ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು ನಡುಗುವ ಬೆರಳಿನಿಂದ ತನ್ನ ಗೆರೆಗಳನ್ನು ಸವರುತ್ತಿದ್ದರು. ಬುಡದಲ್ಲಿ ಏನು ಬರೆದಿದೆಯೆಂದು ಕೇಳಿದರು. ಮೊಮ್ಮಗಳು ಹೇಳಿದಳು. ಅಜ್ಜಿ, “ಎರಡು ದಿನಕ್ಕಾ? ಸಾಕು ಬಿಡು. ನನ್ ಮದ್ವೆಗೆ ಒಂದ್ ದಿನದ್ದೂ ಯಾರೂ ಬರ್ದು ಕೊಟ್ಟಿರ್ಲಿಲ್ಲ” ಎಂದು ಎಲೆಯಡಿಕೆ ಬಾಯಿಗಿಟ್ಟುಕೊಂಡರು.

ಮದುವೆಗೆ ಜನವೋ ಜನ. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕರೆಯದವರೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಯಾರೋ, “ಬೇಗ ಬೇಗ ಬಡಿಸಿ ಮಾರಾಯ್ರೆ, ಟೈಮ್ ಓಡ್ತಾ ಇದೆ” ಎಂದರು. ನಾಗರಾಜ ಎರಡು ಸಲ ಪಾಯಸ ಹಾಕಿಸಿಕೊಂಡ. ‘ಸುಖಾಗಮನ ಬಯಸುವವರು’ ಎಂದು ಹೆಸರು ಹಾಕಿಸಿಕೊಂಡ ತಪ್ಪಿಗೆ ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕುಹಕವನ್ನೂ ಕೈಮುಗಿದು ಬರಮಾಡಿಕೊಂಡೆ. ಪ್ರೆಸ್ಸಿನ ಹೊಸ ಕರಾರು ಅದೇ ವಾರ ಬಂತು. ವಾಸಣ್ಣ ನಲವತ್ತೆರಡು ಪುಟವನ್ನೂ ಅಚ್ಚು ಹಾಕಿ ನನ್ನ ಮೇಜಿನ ಮೇಲಿಟ್ಟು, ಪ್ರತಿ ಪುಟದ ಬುಡದಲ್ಲಿ ನನ್ನ ಸಹಿ ಬೇಕೆಂದರು. ಹದಿನೇಳನೆಯ ಪುಟದವರೆಗೆ ಬಂದಿದ್ದೇನೆ, ಇದುವರೆಗೆ ಮೂವತ್ತಾರು ತಪ್ಪು ಸಿಕ್ಕಿವೆ.

ಮದುವೆಯಾದ ಮೂರನೆಯ ದಿನ ಆ ಪುಟಗಳ ನಡುವೆ ಕೂತಿದ್ದಾಗ ಫೋನಿಗೆ ಸುಮನಾಳ ಸಂದೇಶ ಬಂತು: “ಅಕ್ಕ, ನಲವತ್ತೆಂಟು ಗಂಟೆ ಮುಗೀತು. ಇನ್ನೂ ಚೆನ್ನಾಗೇ ನಡೀತಾ ಇದೆ. ಮುಂದಿನ ನವೀಕರಣ ಯಾವಾಗ?”

ಓದಿ, ಇನ್ನೊಮ್ಮೆ ಓದಿ, ಉತ್ತರ ಬರೆದೆ: “ದಿನ ನೀವಿಬ್ಬರೇ ಗೊತ್ತು ಮಾಡಿಕೊಳ್ಳಿ ಮಗಾ. ನನ್ನನ್ನು ಮಾತ್ರ ಕೇಳಬೇಡ.”